ಹಳೆಯ ಡಿಸ್ಕಿನಲ್ಲಿ ಅಪ್ಪನ ಅಪ್ಪೆ ಮರಗಳು

ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಅದನ್ನು ಗುಜರಿಗೆ ಹಾಕುವ ಮೊದಲು ದಯವಿಟ್ಟು ಒಂದು ಕೆಲಸ ಮಾಡಿ. ಪೆಟ್ಟಿಗೆ, ಮಾನಿಟರ್, ಕೀಲಿಮಣೆ ಏನನ್ನು ಬೇಕಾದರೂ ಕೊಡಿ. ಒಳಗಿನ ಹಾರ್ಡ್ ಡಿಸ್ಕನ್ನು ಮಾತ್ರ ಬಿಚ್ಚಿ ಇಟ್ಟುಕೊಳ್ಳಿ. ಮಲೆನಾಡಿನ ಎಷ್ಟೋ ಮನೆಗಳಿಗೆ ಇಂಟರ್ನೆಟ್ ಬಂದದ್ದು ಒಂದೇ ಕಂಪ್ಯೂಟರಿನ ಮೂಲಕ, ತೋಟದ ಮೇಲೆ ಹಾದುಬಂದ ಒಂದೇ ದೂರವಾಣಿ ತಂತಿಯ ಮೂಲಕ. ಆ ಮನೆಗಳ ಹಿರಿಯರು ಮೊದಲ ಇಮೇಲ್ ಖಾತೆ ತೆರೆದದ್ದು ಅದರಲ್ಲಿ, ಮೊದಲ ಪಾಸ್‌ವರ್ಡ್ ಬರೆದದ್ದು ಅದರಲ್ಲಿ. ಮುಂದೊಂದು ದಿನ ‘ಈ ಖಾತೆ ನಿಮ್ಮದೇ ಎಂದು ಸಾಬೀತುಪಡಿಸಿ’ ಎಂದು ಯಾವುದೋ ಯಂತ್ರ ಕೇಳಿದಾಗ ಅವರ ಪರವಾಗಿ ಸಾಕ್ಷಿ ಹೇಳಬಲ್ಲದ್ದು ಬಹುಶಃ ಆ ಡಿಸ್ಕ್ ಒಂದೇ. ಅಪ್ಪನ ಖಾತೆಯ ವಿಷಯದಲ್ಲಿ ಹಾಗೆಯೇ ಆಯಿತು.

ಅಪ್ಪ ಹೊಸನಗರ ತಾಲ್ಲೂಕಿನ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದವರು. ಅಡಿಕೆ ತೋಟ ಚಿಕ್ಕದು. ಅವರ ಜೀವ ಇದ್ದದ್ದು ಅಪ್ಪೆ ಮರಗಳಲ್ಲಿ. ಕುಮುದ್ವತಿ, ಶರಾವತಿ, ವರದಾ ನದಿಗಳ ದಂಡೆಯಲ್ಲಿ, ಹಳ್ಳಗಳ ಇಕ್ಕೆಲದಲ್ಲಿ, ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಯಾರೂ ನೆಡದೆ ಬೆಳೆದ ಕಾಟು ಮಾವಿನ ಮರಗಳವು. ಎಳೆಯ ಮಿಡಿಯ ತೊಟ್ಟು ಮುರಿದರೆ ಚಿಮ್ಮುವ ಸೊನೆಯ ಪರಿಮಳದಿಂದಲೇ ತಿಳಿದವರು ಮರವನ್ನು ಗುರುತಿಸುತ್ತಾರೆ. ಒಂದರದು ಜೀರಿಗೆಯ ವಾಸನೆ, ಇನ್ನೊಂದರದು ಕರ್ಪೂರದ ವಾಸನೆ. ಅನಂತಭಟ್ಟನ ಅಪ್ಪೆ, ಮಾಲಂಜಿ ಎಂಬ ಹೆಸರುಗಳು ಉಪ್ಪಿನಕಾಯಿ ಪ್ರಿಯರಿಗೆಲ್ಲ ಗೊತ್ತು. ಆದರೆ ಹೆಸರಿನ ಆಚೆ, ಆಯಾ ಊರಿನವರಿಗೆ ಮಾತ್ರ ಗೊತ್ತಿರುವ ಮರಗಳು ಎಷ್ಟೋ ಇವೆ: ಇಂಥವರ ಗದ್ದೆಯ ಬದುವಿನದು, ಇಂಥ ಹಳ್ಳದ ಸಂಕದ ಪಕ್ಕದ್ದು. ಅಪ್ಪ ಆ ಮರಗಳ ಪಟ್ಟಿ ಮಾಡಿದರು. ಮರ ಎಲ್ಲಿದೆ, ಯಾರ ಜಮೀನಿನಲ್ಲಿದೆ, ಮಿಡಿ ಯಾವಾಗ ಬಿಡುತ್ತದೆ, ವರ್ಷ ಬಿಟ್ಟು ವರ್ಷ ಬರುತ್ತದೆಯೋ ಪ್ರತಿ ವರ್ಷವೂ ಬರುತ್ತದೆಯೋ, ಉಪ್ಪಿನಲ್ಲಿ ಹಾಕಿದರೆ ಎಷ್ಟು ಕಾಲ ಗಟ್ಟಿಯಾಗಿ ಉಳಿಯುತ್ತದೆ, ಎಲ್ಲವನ್ನೂ ಬರೆದರು. ಚಿಕ್ಕ ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೊ ತೆಗೆದರು.

ಈ ಪಟ್ಟಿ ಹವ್ಯಾಸಕ್ಕಿಂತ ದೊಡ್ಡದು ಎಂದು ನಾನು ನಂಬುವುದಕ್ಕೆ ಕಾರಣವಿದೆ. ಗೊರಟಿನಿಂದ ಎದ್ದ ಮಾವಿನ ಸಸಿ ತಾಯಿಮರದ ಗುಣವನ್ನೇ ಹೊತ್ತು ಬರುತ್ತದೆಂಬ ಭರವಸೆ ಇಲ್ಲ. ಪರಾಗದಲ್ಲಿ ಬೇರೆ ಮರದ ಗುಣ ಬೆರೆತಿರುತ್ತದೆ. ಹಾಗಾಗಿ ಹೊಳೆದಂಡೆಯ ಒಂದೊಂದು ಅಪ್ಪೆ ಮರವೂ ಜಗತ್ತಿಗೆಲ್ಲ ಒಂದೇ. ಅದನ್ನು ನೆರೆ ಕೊಚ್ಚಿಕೊಂಡು ಹೋದರೆ, ನಾಟಾಕ್ಕೆಂದು ಕಡಿದರೆ, ಮಿಡಿಯ ಆಸೆಗೆ ಕೊಂಬೆಗಳನ್ನೇ ತರಿದು ಒಣಗಿಸಿದರೆ ಆ ಪರಿಮಳ ಅಲ್ಲಿಗೆ ಮುಗಿಯಿತು. ಮೊದಲೇ ಕಡ್ಡಿ ತಂದು ಬೇರೆ ಬುಡಕ್ಕೆ ಕಸಿ ಕಟ್ಟಿದ್ದರೆ ಮಾತ್ರ ಉಳಿಯುತ್ತದೆ. ಅಪ್ಪ ವರ್ಷಗಟ್ಟಲೆ ಕಸಿ ಕಡ್ಡಿಗಳನ್ನು ಹಂಚಿದವರು. ಯಾವ ಮರದ ಕಡ್ಡಿ ಯಾರ ಮನೆಗೆ ಹೋಯಿತು ಎಂಬ ವಿವರ ಅವರ ಇಮೇಲ್‌ನಲ್ಲಿತ್ತು. ಮರಗಳ ಫೋಟೊಗಳೂ ಅದೇ ಖಾತೆಯಲ್ಲಿದ್ದವು. ಹೊಳೆದಂಡೆಯ ಕೆಲವು ಮರಗಳು ಈಗ ಇಲ್ಲ. ಅವುಗಳ ಕಸಿ ಎಲ್ಲಿ ಬದುಕಿದೆ ಎಂಬುದಕ್ಕೆ ಉಳಿದಿದ್ದ ದಾರಿ ಆ ಖಾತೆಯೇ.

ಅಪ್ಪನಿಗೆ ಪಾರ್ಶ್ವವಾಯು ಆಯಿತು. ಮಾತು ನಿಧಾನವಾಗಿ ಮರಳಿತು, ಅಕ್ಷರ ಕೂಡಿಸುವುದು ಇವತ್ತಿಗೂ ಕಷ್ಟ. ಆಸ್ಪತ್ರೆ, ವ್ಯಾಯಾಮ, ಔಷಧಿಗಳ ನಡುವೆ ಅವರ ಮೊಬೈಲ್ ಕೆಟ್ಟುಹೋಯಿತು. ರೀಚಾರ್ಜ್ ಇಲ್ಲದೆ ಸಂಖ್ಯೆಯೂ ರದ್ದಾಯಿತು. ನಮ್ಮ ದೇಶದಲ್ಲಿ ರದ್ದಾದ ಸಂಖ್ಯೆಯನ್ನು ಕನಿಷ್ಠ 90 ದಿನ ಹಾಗೆಯೇ ಇಟ್ಟು, ಆಮೇಲೆ ಬೇರೆಯವರಿಗೆ ಹಂಚಬಹುದು. ಅಪ್ಪನ ಸಂಖ್ಯೆಯೂ ಹಾಗೆ ದೂರದ ಯಾರಿಗೋ ಹೋಗಿತ್ತು. ಹೊಸ ಕಂಪ್ಯೂಟರಿನಿಂದ ಖಾತೆ ತೆರೆಯಲು ಹೋದರೆ ಗುಪ್ತಸಂಖ್ಯೆ ಆ ಅಪರಿಚಿತರ ಮೊಬೈಲಿಗೆ ಹೋಗುತ್ತದೆ. ಅವರಿಗೆ ಕರೆ ಮಾಡಿ ವಿಷಯ ವಿವರಿಸಿದೆವು. ಅವರು ಸೌಜನ್ಯದಿಂದ ಕೇಳಿಸಿಕೊಂಡು, ಒಟಿಪಿ ಮಾತ್ರ ಯಾರಿಗೂ ಹೇಳುವುದಿಲ್ಲ ಎಂದರು. ಅವರು ಮಾಡಿದ್ದು ಸರಿ. ದಿನಬೆಳಗಾದರೆ ಒಟಿಪಿ ಕೇಳಿ ಬ್ಯಾಂಕ್ ಖಾತೆ ಬರಿದು ಮಾಡುವವರ ಸುದ್ದಿ ಓದುವ ಕಾಲದಲ್ಲಿ ಯಾರೇ ಆದರೂ ಹಾಗೆಯೇ ಹೇಳಬೇಕು.

ಕಾಯುವುದಕ್ಕೂ ಸಮಯವಿರಲಿಲ್ಲ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಎಂದು ಗೂಗಲ್ 2023ರ ಮೇ ತಿಂಗಳಲ್ಲಿ ಪ್ರಕಟಿಸಿತ್ತು. ಅಪ್ಪನ ಖಾತೆ ಇದ್ದದ್ದು ಬೇರೆ ಸೇವೆಯಲ್ಲಿ, ಆದರೆ ಅಲ್ಲಿಯೂ ಇಂಥದೇ ನಿಯಮ ಇತ್ತು. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಎಂಬ ಸಾಮಾಜಿಕ ಜಾಲತಾಣ ಮುಚ್ಚಿದ್ದು, 2020ರ ಡಿಸೆಂಬರಿನಲ್ಲಿ ಯಾಹೂ ಗ್ರೂಪ್ಸ್ ಎಂಬ ಇಮೇಲ್ ಗುಂಪುಗಳ ಸೇವೆ ಕಣ್ಮರೆಯಾದದ್ದು ನೆನಪಿರುವವರಿಗೆ ಇಂಥ ಗಡುವುಗಳ ಭಯ ಅರ್ಥವಾಗುತ್ತದೆ.

ಹಳೆಯ ಕಂಪ್ಯೂಟರ್ ಅಟ್ಟದ ಮೇಲಿತ್ತು. ವಿಂಡೋಸ್ ಎಕ್ಸ್‌ಪಿ ಇದ್ದ ಯಂತ್ರ. ಒಂದು ಮುಂಗಾರಿನ ಸಿಡಿಲು ದೂರವಾಣಿ ತಂತಿಯ ಮೂಲಕ ಬಂದು ಮೋಡೆಮ್ಮನ್ನೂ, ಜೊತೆಗೆ ಇಡೀ ಯಂತ್ರವನ್ನೂ ನಿಲ್ಲಿಸಿದ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಒಳಗಿನ ಬೋರ್ಡ್ ಹಸಿರುಗಟ್ಟಿತ್ತು. ತೇವ ನಮ್ಮ ಕಡೆಯ ಯಂತ್ರಗಳ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕಕ್ಕೆ ಹಿಡಿಯುವ ಬೂಷ್ಟು ತಾಮ್ರದ ಗೆರೆಗಳನ್ನೂ ಬಿಡುವುದಿಲ್ಲ. ಆದರೆ ಹಾರ್ಡ್ ಡಿಸ್ಕಿನ ತಟ್ಟೆಗಳು ಮುಚ್ಚಿದ ಲೋಹದ ಕವಚದೊಳಗೆ ಇರುತ್ತವೆ, ಗಾಳಿ ಸೋಸಿ ಹೋಗುವ ಒಂದು ಸಣ್ಣ ರಂಧ್ರ ಬಿಟ್ಟರೆ ಹೊರಗಿನ ಸಂಪರ್ಕ ಇಲ್ಲ. ಅದು ಉಳಿದಿರುವ ಸಾಧ್ಯತೆ ಚೆನ್ನಾಗಿತ್ತು.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಕ್ಕಿತು. ಅಂಗಡಿಯ ಹುಡುಗ ತಕ್ಷಣ ಅಲ್ಲಿಯೇ ವಿಂಡೋಸ್ ಯಂತ್ರಕ್ಕೆ ಸಿಕ್ಕಿಸಿ ನೋಡೋಣ ಎಂದ. ಬೇಡ ಎಂದು ವಿನಂತಿಸಿದೆ. ಇದೊಂದು ಮಾತನ್ನು ಒತ್ತಿ ಹೇಳಬೇಕು. ಹಳೆಯ ಡಿಸ್ಕನ್ನು ವಿಂಡೋಸ್‌ಗೆ ಜೋಡಿಸಿದರೆ ಅದು ದೋಷ ಸರಿಪಡಿಸುವ ಹೆಸರಿನಲ್ಲಿ ಡಿಸ್ಕಿನ ಮೇಲೆ ಬರೆಯಲು ಶುರು ಮಾಡಬಹುದು. ಬರೆದ ಜಾಗದಲ್ಲಿ ಏನಿತ್ತೋ ಅದು ಮತ್ತೆ ಸಿಗುವುದಿಲ್ಲ. ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಓದುತ್ತದೆ ಎಂಬ ಸಲಹೆಯೂ ಬಂತು; ನಮ್ಮ ಹವೆಯಲ್ಲಿ ಹಾಗೆ ಮಾಡಿದರೆ ಹೊರತೆಗೆದ ಕ್ಷಣವೇ ಒಳಗೂ ಹೊರಗೂ ನೀರಿನ ಹನಿ ಕಟ್ಟುತ್ತದೆ. ಮೊದಲು ಮಾಡಬೇಕಾದದ್ದು ಡಿಸ್ಕಿನ ಪೂರ್ಣ ಪ್ರತಿ. ವಿಂಡೋಸ್‌ಗೆ ಪರ್ಯಾಯವಾದ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನವಿದೆ. ಅದು ಸುಲಭವಾಗಿ ಓದಲು ಬರುವ ಭಾಗಗಳನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ಹಟ ಮಾಡುವ ಜಾಗಗಳನ್ನು ಒಂದು ನಕ್ಷೆಯಲ್ಲಿ ಗುರುತಿಟ್ಟುಕೊಂಡು ಕೊನೆಯಲ್ಲಿ ಮರಳಿ ಹೋಗುತ್ತದೆ. ನಡುವೆ ಕರೆಂಟ್ ಹೋದರೂ ನಕ್ಷೆ ಇರುವುದರಿಂದ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಮಲೆನಾಡಿನಲ್ಲಿ ಈ ಗುಣಕ್ಕೆ ಬೆಲೆ ಕಟ್ಟಲಾಗದು. ಪ್ರತಿ ಸಿದ್ಧವಾದ ಮೇಲೆ ಮೂಲ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆವು. ಮುಂದಿನ ಕೆಲಸವೆಲ್ಲ ಪ್ರತಿಯ ಮೇಲೆ.

ಅಪ್ಪ ಬಳಸುತ್ತಿದ್ದದ್ದು ಫೈರ್‌ಫಾಕ್ಸ್. ಈ ಬ್ರೌಸರ್ ಬಳಕೆದಾರರ ಎಲ್ಲ ವಿವರಗಳನ್ನೂ ಪ್ರೊಫೈಲ್ ಎಂಬ ಒಂದೇ ಕಡತಕೋಶದಲ್ಲಿ ಇಡುತ್ತದೆ. ಎಕ್ಸ್‌ಪಿಯಲ್ಲಿ ಅದು ‘ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್’ ಒಳಗೆ, ಬಳಕೆದಾರರ ಹೆಸರಿನ ಕೆಳಗೆ, ‘ಅಪ್ಲಿಕೇಶನ್ ಡೇಟಾ’ ಎಂಬ ಮರೆಮಾಡಿದ ಕೋಶದಲ್ಲಿ ಮೊಜಿಲ್ಲಾ ಹೆಸರಿನಲ್ಲಿ ಇರುತ್ತದೆ. ಅರ್ಥವಿಲ್ಲದ ಎಂಟು ಅಕ್ಷರ, ಮುಂದೆ ಒಂದು ಚುಕ್ಕೆ, ‘ಡಿಫಾಲ್ಟ್’ ಎಂಬ ಪದ. ಅದೇ ಪ್ರೊಫೈಲಿನ ಹೆಸರು. ಅದರೊಳಗೆ ಪ್ಲೇಸಸ್ ಎಂಬ ಕಡತದಲ್ಲಿ ನೋಡಿದ ಪುಟಗಳ ಇತಿಹಾಸ ಮತ್ತು ಬುಕ್‌ಮಾರ್ಕ್‌ಗಳು, ಫಾರ್ಮ್‌ಹಿಸ್ಟರಿ ಎಂಬುದರಲ್ಲಿ ಖಾಲಿ ಚೌಕಗಳಲ್ಲಿ ತುಂಬಿದ ಮಾತುಗಳು. ಇವೆರಡೂ ಮಾಹಿತಿಯನ್ನು ಕೋಷ್ಟಕದ ಸಾಲುಗಳಲ್ಲಿ ಇಡುವ ಎಸ್‌ಕ್ಯೂಲೈಟ್ ಮಾದರಿಯವು, ಯಾವ ಕಂಪ್ಯೂಟರಿನಲ್ಲಾದರೂ ತೆರೆಯಬಹುದು. ಉಳಿಸಿದ ಪಾಸ್‌ವರ್ಡ್‌ಗಳು ಲಾಗಿನ್ಸ್ ಎಂಬ ಕಡತದಲ್ಲಿ ಗೂಢಲಿಪಿಯಲ್ಲಿರುತ್ತವೆ. ಅದನ್ನು ಬಿಡಿಸುವ ಬೀಗದ ಕೈ ಪಕ್ಕದಲ್ಲೇ ಕೀ3 ಎಂಬ ಕಡತದಲ್ಲಿ, ಹೊಸ ಆವೃತ್ತಿಗಳಲ್ಲಿ ಕೀ4 ಎಂಬುದರಲ್ಲಿ.

ಇಲ್ಲಿ ಅಪ್ಪನ ಆಯ್ಕೆ ನಮಗೆ ವರವಾಯಿತು. ವಿಂಡೋಸ್‌ನಲ್ಲಿ ಕ್ರೋಮ್ ಬಳಸಿದ್ದರೆ ಉಳಿಸಿದ ಪಾಸ್‌ವರ್ಡ್‌ಗಳ ಬೀಗ ವಿಂಡೋಸ್ ಬಳಕೆದಾರರ ಲಾಗಿನ್‌ಗೆ ಅಂಟಿಕೊಂಡಿರುತ್ತಿತ್ತು. ಕಡತವನ್ನು ಇನ್ನೊಂದು ಯಂತ್ರಕ್ಕೆ ಒಯ್ದರೆ ಸುಲಭಕ್ಕೆ ತೆರೆಯದು, ಆ ವಿಂಡೋಸ್ ಖಾತೆಯ ಪಾಸ್‌ವರ್ಡ್ ಮತ್ತು ಅದರ ರಕ್ಷಣಾ ಕಡತಗಳೂ ಬೇಕು. ಫೈರ್‌ಫಾಕ್ಸ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳಿಗೆಲ್ಲ ಮೇಲುಬೀಗವಾಗುವ ಮಾಸ್ಟರ್ ಪಾಸ್‌ವರ್ಡ್ ಇಟ್ಟಿಲ್ಲದಿದ್ದರೆ ಲಾಗಿನ್ಸ್ ಮತ್ತು ಕೀ ಎಂಬ ಆ ಎರಡು ಕಡತಗಳು ಜೊತೆಗಿದ್ದರೆ ಸಾಕು. ಇದರ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ನಮಗೆ ಸುಲಭವಾದದ್ದು ಕಳ್ಳನಿಗೂ ಅಷ್ಟೇ ಸುಲಭ. ಪಾಸ್‌ವರ್ಡ್ ಕದಿಯುವ ದುಷ್ಟ ತಂತ್ರಾಂಶಗಳು ಹುಡುಕುವುದು ಇಂಥ ಕಡತಗಳನ್ನೇ. ಡಿಸ್ಕ್ ಸಮೇತ ಗುಜರಿಗೆ ಹೋದ ಕಂಪ್ಯೂಟರ್ ಎಂದರೆ ಬೀಗವನ್ನೂ ಬೀಗದ ಕೈಯನ್ನೂ ಒಟ್ಟಿಗೆ ಕಟ್ಟಿ ಬೀದಿಯಲ್ಲಿಟ್ಟ ಹಾಗೆ. ಡಿಸ್ಕನ್ನು ಕೊಡಬೇಡಿ ಎಂದು ನಾನು ಬೇಡಿಕೊಳ್ಳುವುದಕ್ಕೆ ಇದು ಎರಡನೆಯ ಕಾರಣ.

ಹಳೆಯ ಪ್ರೊಫೈಲನ್ನು ಹೊಸ ಫೈರ್‌ಫಾಕ್ಸ್‌ನಲ್ಲಿ ತೆರೆಯಲು ಹೋಗಬಾರದು. ಅದು ಕಡತಗಳ ರೂಪವನ್ನೇ ಬದಲಿಸುತ್ತದೆ. ಎಕ್ಸ್‌ಪಿಯಲ್ಲಿ ಓಡುತ್ತಿದ್ದ ಫೈರ್‌ಫಾಕ್ಸ್‌ನ ಕೊನೆಯ ಆವೃತ್ತಿ 52, ದೀರ್ಘಕಾಲ ಬೆಂಬಲ ಸಿಗುವ ಬಗೆಯದು; ಅದರ ನಿರ್ವಹಣೆ 2018ರಲ್ಲಿ ನಿಂತಿದೆ. ಅದನ್ನೇ ತಂದು, ಇಂಟರ್ನೆಟ್ ಸಂಪರ್ಕವಿಲ್ಲದ ಯಂತ್ರದಲ್ಲಿ ಹಾಕಿ, ಪ್ರೊಫೈಲಿನ ಪ್ರತಿಯ ಪ್ರತಿಯೊಂದನ್ನು ಅದಕ್ಕೆ ಕೊಟ್ಟೆವು. ಸಂಪರ್ಕ ಕಡಿದಿರಲೇಬೇಕು. ಹಳೆಯ ಬ್ರೌಸರಿನ ದೋಷಗಳು ಎಲ್ಲರಿಗೂ ಗೊತ್ತಿರುತ್ತವೆ, ಅದನ್ನು ಹೊರಲೋಕಕ್ಕೆ ಬಿಡುವುದು ಅಪಾಯ.

ಈ ಹಂತದಲ್ಲಿ ನನ್ನನ್ನು ಬಹಳ ಕಾಡಿದ್ದು ತಂತ್ರಜ್ಞಾನಕ್ಕಿಂತ ಬೇರೆಯದೊಂದು ಸಂಗತಿ. ಬ್ರೌಸರಿನ ಇತಿಹಾಸ ಎಂದರೆ ಒಬ್ಬ ಮನುಷ್ಯ ಯಾರೂ ನೋಡುತ್ತಿಲ್ಲ ಎಂದುಕೊಂಡು ಕೇಳಿದ ಪ್ರಶ್ನೆಗಳ ಸಾಲು. ಯಾವ ಕಾಯಿಲೆಯ ಬಗ್ಗೆ ಹೆದರಿದ್ದರು, ಯಾವ ಸಾಲದ ಬಡ್ಡಿ ಲೆಕ್ಕ ಹಾಕುತ್ತಿದ್ದರು, ಮಗನ ಬಗ್ಗೆ ಏನನ್ನು ಹುಡುಕಿದ್ದರು, ಎಲ್ಲವೂ ಅಲ್ಲಿ ಇರಬಹುದು. ಮಕ್ಕಳಾದ ಮಾತ್ರಕ್ಕೆ ನಮಗೆ ಅದನ್ನು ಓದುವ ಹಕ್ಕು ಬರುವುದಿಲ್ಲ. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರಿನ ಮಾಹಿತಿಗೆ ಕೈಹಾಕುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲೂ ತಪ್ಪೇ. ಕಾನೂನು ಹಾಗಿರಲಿ, ಮಾತು ತಡವರಿಸುವ ಹಿರಿಯರ ಮುಂದೆ ಅವರ ಗುಟ್ಟನ್ನು ತೆರೆದು ಹರವುವುದು ನನಗೆ ಸಹಿಸದು. ಅಪ್ಪನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡೇ ಪ್ರತಿ ಹೆಜ್ಜೆ ಇಟ್ಟೆವು. ಅವರು ತಲೆಯಾಡಿಸಿದರೆ ಮುಂದೆ, ಕೈ ಅಡ್ಡ ಆಡಿಸಿದರೆ ನಿಲುಗಡೆ.

ನೋಡದೆ ಹುಡುಕುವುದಕ್ಕೂ ದಾರಿ ಇದೆ ಎಂಬುದು ಸಮಾಧಾನ. ಎಸ್‌ಕ್ಯೂಲೈಟ್ ಕಡತಕ್ಕೆ ‘ಈ ಇಮೇಲ್ ಸೇವೆಯ ವಿಳಾಸವಿರುವ ಸಾಲುಗಳನ್ನು ಮಾತ್ರ ಕೊಡು’ ಎಂದು ಕೇಳಬಹುದು. ಉಳಿದದ್ದು ಕಣ್ಣಿಗೆ ಬೀಳುವುದೇ ಇಲ್ಲ. ಮರಗಳಿಗೆ ಸಂಬಂಧಿಸಿದ ಪುಟಗಳನ್ನು ಹುಡುಕಲು ಇನ್ನೊಂದು ಉಪಾಯ ಸಿಕ್ಕಿತು. ಅಪ್ಪ ಹುಡುಕಾಟ ನಡೆಸುತ್ತಿದ್ದದ್ದು ಕನ್ನಡದಲ್ಲಿ. ವೆಬ್ ವಿಳಾಸದೊಳಗೆ ಕನ್ನಡದ ಒಂದೊಂದು ಅಕ್ಷರಚಿಹ್ನೆಯೂ ಮೂರು ತುಂಡುಗಳಾಗಿ ಸೇರಿಕೊಳ್ಳುತ್ತದೆ, ತುಂಡು ತುಂಡಿನ ಮುಂದೆ ಶೇಕಡಾ ಚಿಹ್ನೆ. ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಮೀಸಲಾದ ಜಾಗದಿಂದಾಗಿ ಮೊದಲ ತುಂಡು ಯಾವಾಗಲೂ ಇಂಗ್ಲಿಷಿನ ‘ಇ’ ಮತ್ತು ಸೊನ್ನೆ, ಎರಡನೆಯದು ‘ಬಿ’ಯ ಜೊತೆಗೆ 2 ಅಥವಾ 3. ‘ಅಪ್ಪೆ’ ಎಂಬ ಶಬ್ದವನ್ನು ಆ ರೂಪಕ್ಕೆ ತಿರುಗಿಸಿ ಕೇಳಿದರೆ ಆ ಶಬ್ದವಿರುವ ಹುಡುಕಾಟಗಳಷ್ಟೇ ಎದ್ದುಬರುತ್ತವೆ. ಕಾಯಿಲೆ, ಸಾಲ, ಚಿಂತೆಗಳು ತಮ್ಮ ಪಾಡಿಗೆ ಕತ್ತಲಲ್ಲಿ ಉಳಿಯುತ್ತವೆ.

ಸಿಕ್ಕಿದ್ದು ಇಷ್ಟು. ಪಾಸ್‌ವರ್ಡ್ ಸಿಕ್ಕಿತು, ಆದರೆ ಅದು ಹಳೆಯದು. ಮೊಬೈಲ್ ಕೊಂಡ ಮೇಲೆ ಅಪ್ಪ ಬದಲಿಸಿದ್ದರು. ಲಾಗಿನ್ ನೆನಪಿಡಲು ಬ್ರೌಸರಿನಲ್ಲಿ ಉಳಿಯುವ ಕುಕೀಗಳ ಅವಧಿ ಎಂದೋ ಮುಗಿದಿತ್ತು. ಇತಿಹಾಸದ ಹಳೆಯ ಭಾಗವೂ ಇರಲಿಲ್ಲ, ಏಕೆಂದರೆ ಮಿತಿ ಮೀರಿದಾಗ ಬ್ರೌಸರ್ ತಾನೇ ಹಳೆಯದನ್ನು ಅಳಿಸುತ್ತಾ ಬರುತ್ತದೆ. ಆದರೆ ಬುಕ್‌ಮಾರ್ಕನ್ನು ಅದು ಅಳಿಸುವುದಿಲ್ಲ. ಪ್ರತಿ ಬುಕ್‌ಮಾರ್ಕಿನ ಪಕ್ಕದಲ್ಲಿ ಅದನ್ನು ಗುರುತಿಟ್ಟ ಕ್ಷಣ ಹದಿನಾರು ಅಂಕಿಗಳ ಸಂಖ್ಯೆಯಾಗಿ ದಾಖಲಾಗಿರುತ್ತದೆ: 1970ರ ಜನವರಿ 1ರಿಂದ ಕಳೆದ ಸಮಯ, ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ. ಖಾತೆ ತೆರೆದ ದಿನವೇ ಅಪ್ಪ ಅದರ ಪ್ರವೇಶ ಪುಟವನ್ನು ಬುಕ್‌ಮಾರ್ಕ್ ಮಾಡಿದ್ದರು. ಸಂಖ್ಯೆಯನ್ನು ದಿನಾಂಕಕ್ಕೆ ತಿರುಗಿಸಿದಾಗ ಖಾತೆ ಹುಟ್ಟಿದ ತಿಂಗಳು ಗೊತ್ತಾಯಿತು. ಫಾರ್ಮ್‌ಹಿಸ್ಟರಿಯಲ್ಲಿ ಅವರ ಎರಡನೆಯ ಇಮೇಲ್ ವಿಳಾಸ ಇತ್ತು. ಸಂಘದ ಹಳೆಯ ವಿಳಾಸ, ನಾವು ಯಾರೂ ಊಹಿಸಿರದದ್ದು. ಆಗಾಗ ಪತ್ರ ಬರೆಯುತ್ತಿದ್ದ ಕೆಲವರ ವಿಳಾಸಗಳೂ ಇದ್ದವು.

ಹಳೆಯ ಪಾಸ್‌ವರ್ಡ್‌ಗೆ ಬೆಲೆ ಇಲ್ಲ ಎಂದು ತಿಳಿಯುವವರೇ ಹೆಚ್ಚು. ಆದರೆ ಖಾತೆ ಮರಳಿಸುವ ಅರ್ಜಿಗಳಲ್ಲಿ ‘ನಿಮಗೆ ನೆನಪಿರುವ ಕೊನೆಯ ಪಾಸ್‌ವರ್ಡ್’ ಎಂಬ ಪ್ರಶ್ನೆ ಇರುವುದುಂಟು. ಹಿಂದೊಮ್ಮೆ ನಿಜಕ್ಕೂ ಬಳಕೆಯಲ್ಲಿದ್ದ ಪಾಸ್‌ವರ್ಡ್ ಕೊಟ್ಟರೆ ಅದೂ ಪುರಾವೆಯಾಗುತ್ತದೆ. ಅರ್ಜಿಯನ್ನು ಎಲ್ಲಿಂದ ತುಂಬುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಖಾತೆಯನ್ನು ಸದಾ ಬಳಸುತ್ತಿದ್ದ ಜಾಗದ ಸಂಪರ್ಕದಿಂದ ಬಂದ ಮನವಿಯನ್ನು ಹೆಚ್ಚು ನಂಬುತ್ತಾರೆ. ಶಿವಮೊಗ್ಗದ ನನ್ನ ಮನೆಯಿಂದ ಕಳಿಸಿದ್ದ ಅರ್ಜಿಗಳಿಗೆ ಯಂತ್ರದ ನಿರಾಕರಣೆಯಷ್ಟೇ ಬಂದಿತ್ತು. ಊರಿಗೆ ಹೋಗಿ, ಅಪ್ಪನ ಮನೆಯ ಸಂಪರ್ಕದಿಂದಲೇ, ಡಿಸ್ಕಿನಲ್ಲಿ ಸಿಕ್ಕ ದಿನಾಂಕ, ವಿಳಾಸ, ಹಳೆಯ ಪಾಸ್‌ವರ್ಡ್ ಎಲ್ಲವನ್ನೂ ಸೇರಿಸಿ ತುಂಬಿದಾಗ ಒಪ್ಪಿಗೆ ಬಂತು.

ನನಗೆ ಸಂತೋಷದ ಜೊತೆಗೆ ಸಂಕಟವೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಪರದೆಯ ಮುಂದೆ ಕುಳಿತಿದ್ದ ಮನುಷ್ಯ ಸಾಕಾಗಲಿಲ್ಲ. ಅವರ ಮುಖ, ಅವರ ಸಹಿ, ಅವರನ್ನು ಬಲ್ಲ ಊರು, ಯಾವುದಕ್ಕೂ ಅಲ್ಲಿ ಜಾಗವಿರಲಿಲ್ಲ. ಸಂಘದಲ್ಲಿ ಯಾರಾದರೂ ಪಾಸ್‌ಬುಕ್ ಕಳೆದುಕೊಂಡು ಬಂದರೆ ಅಪ್ಪ ಇಬ್ಬರು ಪರಿಚಿತರ ಸಾಕ್ಷಿ ಪಡೆದು ಹೊಸದನ್ನು ಬರೆದುಕೊಡುತ್ತಿದ್ದರು. ಕೋಟ್ಯಂತರ ಜನರ ಖಾತೆ ಕಾಯುವ ಸೇವೆಗೆ ಆ ರೀತಿ ಹೊಂದದು ಎಂಬುದು ನನಗೆ ಅರ್ಥವಾಗುತ್ತದೆ. ಆದರೂ ರೋಗ, ಮರೆವು, ಮುಪ್ಪು ಬರುವುದು ಎಲ್ಲರಿಗೂ. ಅಂಥವರಿಗೆ ಒಬ್ಬ ಮನುಷ್ಯನ ಎದುರು ನಿಂತು ಮಾತಾಡುವ ಒಂದು ಬಾಗಿಲಾದರೂ ಇರಬೇಕು. ಅಂಚೆ ಕಚೇರಿಯಲ್ಲೋ ಗ್ರಾಮ ಪಂಚಾಯಿತಿಯಲ್ಲೋ ಗುರುತು ತೋರಿಸಿ ಅರ್ಜಿ ಕೊಡುವ ವ್ಯವಸ್ಥೆ ಅಸಾಧ್ಯವೆಂದು ನನಗೆ ಅನಿಸುವುದಿಲ್ಲ.

ಖಾತೆ ತೆರೆದ ಮೇಲೆ ಇನ್ನೊಂದು ಗಂಟು ಎದುರಾಯಿತು. ಅಪ್ಪ ಪಟ್ಟಿಗಳನ್ನು ಬರೆದದ್ದು ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶದಲ್ಲಿ, ಯುನಿಕೋಡ್ ನಮ್ಮಲ್ಲಿ ಬೇರೂರುವ ಮೊದಲಿನ ಅಕ್ಷರಗಳಲ್ಲಿ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಇದನ್ನು ನೋಡಿ ಕಡತ ಕೆಟ್ಟಿದೆ ಎಂದು ಅಳಿಸಿಬಿಟ್ಟವರನ್ನು ನಾನು ಕಂಡಿದ್ದೇನೆ. ಅದು ಕೆಟ್ಟಿರುವುದಿಲ್ಲ, ಪರಿವರ್ತಕ ಹಾಕಿದರೆ ಬಹುಪಾಲು ಸರಿಯಾಗಿ ಬರುತ್ತದೆ. ಒತ್ತಕ್ಷರಗಳೂ ರೇಫೆಯೂ ಅಲ್ಲಲ್ಲಿ ಜಾಗ ತಪ್ಪಿದ್ದವು. ಮರದ ಹೆಸರುಗಳಲ್ಲಿ ಅನುಮಾನ ಬಂದಲ್ಲಿ ನಾನು ಗಟ್ಟಿಯಾಗಿ ಓದುತ್ತಿದ್ದೆ, ಅಪ್ಪ ತಿದ್ದುತ್ತಿದ್ದರು. ಅಕ್ಷರ ಕೂಡಿಸಲು ಆಗದ ಅವರಿಗೆ ಪ್ರತಿ ಮರದ ಜಾಗವೂ, ಮಾಲೀಕರ ಮನೆಯ ಹೆಸರೂ, ಸೊನೆಯ ಘಮವೂ ಸ್ಪಷ್ಟವಾಗಿ ನೆನಪಿತ್ತು. ಕೆಲವು ಹೆಸರುಗಳನ್ನು ಹೇಳುವಾಗ ಮೂಗಿನ ಬಳಿ ಬೆರಳು ತಂದು ಉಜ್ಜಿ ತೋರಿಸುತ್ತಿದ್ದರು.

ಪಟ್ಟಿಯಲ್ಲಿದ್ದವರಿಗೆ ಈಗ ಒಬ್ಬೊಬ್ಬರಿಗಾಗಿ ಕರೆ ಮಾಡುತ್ತಿದ್ದೇವೆ. ಕೆಲವರು ತೀರಿಕೊಂಡಿದ್ದಾರೆ. ಕೆಲವರು ಕಸಿ ಗಿಡವಿದ್ದ ಜಾಗವನ್ನೂ ಸೇರಿಸಿಕೊಂಡು ಅಡಿಕೆ ತೋಟ ವಿಸ್ತರಿಸಿದ್ದಾರೆ. ಅಪ್ಪ ಅದನ್ನು ಕೇಳಿ ಸುಮ್ಮನಾದರು. ರಿಪ್ಪನ್‌ಪೇಟೆಯ ಕಡೆಯ ಒಬ್ಬರ ಹಿತ್ತಲಿನಲ್ಲಿ, ಮೂಲ ಮರ ನೆರೆಯಲ್ಲಿ ಹೋದ ಒಂದು ಜೀರಿಗೆ ಅಪ್ಪೆಯ ಕಸಿ ಬದುಕಿದೆ, ಮಿಡಿಯನ್ನೂ ಬಿಡುತ್ತಿದೆ. ಮಳೆ ಹಿಡಿದ ಮೇಲೆ ಬಂದು ಕಡ್ಡಿ ಒಯ್ಯಿರಿ ಎಂದು ಆ ಮನೆಯವರು ಹೇಳಿದ್ದಾರೆ. ಕಸಿ ಕಟ್ಟುವುದಕ್ಕೆಂದು ಕಾಟು ಮಾವಿನ ಗೊರಟುಗಳನ್ನು ಚೀಲಗಳಲ್ಲಿ ಹಾಕಿದ್ದೇವೆ, ಮೊಳಕೆ ಬಂದಿವೆ. ಬಲಗೈ ಬಿಗಿ ಹಿಡಿಯದ ಕಾರಣ ಕಟ್ಟುವುದನ್ನು ನನಗೆ ಕಲಿಸುತ್ತೇನೆಂದು ಅಪ್ಪ ಹೇಳಿದ್ದಾರೆ.